ಕೊರುಗೇಷನ್ ಮಷಿನ್‌ನಲ್ಲಿ ನನ್ನ ಬಲಗೈ

ನಾನು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗಳಲ್ಲಿ ದುಡಿದವನು, ಈಗಲೂ ಅಲ್ಲೇ ದುಡಿಯುತ್ತಿರುವವನು. 2018ರ ಮಳೆಗಾಲದ ಒಂದು ರಾತ್ರಿ ಪಾಳಿಯಲ್ಲಿ, ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಿನಲ್ಲಿ, ನನ್ನ ಬಲಗೈ ಕೊರುಗೇಷನ್ ಮಷಿನ್‌ನ ರೋಲುಗಳ ನಡುವೆ ಸಿಕ್ಕಿತು. ತೋರುಬೆರಳೂ ನಡುಬೆರಳೂ ಬುಡದಿಂದ ಹೋದವು. ಉಂಗುರದ ಬೆರಳು ಉಳಿಯಿತು, ಆದರೆ ಮಡಚಲು ಬರುವುದಿಲ್ಲ. ಕೇಳಿದವರಿಗೆಲ್ಲ ಇಷ್ಟು ವರ್ಷ ‘ಮಷಿನ್‌ಗೆ ಕೈ ಹೋಯ್ತು’ ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಕೈ ಸುಮ್ಮನೆ ಹೋಗುವುದಿಲ್ಲ. ಅದರ ಹಿಂದೆ ಕೆಲಸ ನಡೆಸುವ ಒಂದು ರೀತಿ ಇರುತ್ತದೆ. ಆ ರೀತಿ ಎಂಥದ್ದೆಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಶಿರಾ ಕಡೆಯವನು. ಪಿಯುಸಿ ಮುಗಿಸಿ, ಊರಿನವರೊಬ್ಬರ ಬೆನ್ನು ಹಿಡಿದು ಪೀಣ್ಯಕ್ಕೆ ಬಂದೆ. ಅವರು ಆಗಲೇ ಬಾಕ್ಸ್ ಫ್ಯಾಕ್ಟರಿಯೊಂದರಲ್ಲಿ ಆಪರೇಟರ್. ನನಗೆ ಅಣ್ಣ. ರಕ್ತಸಂಬಂಧವಿಲ್ಲ, ಆದರೂ ಅಣ್ಣನೇ. ಹೆಲ್ಪರ್ ಆಗಿ ಸೇರಿದ ಮೊದಲ ವಾರ ಆ ಶೆಡ್ಡಿನ ಮಾತು ನನಗೆ ಒಂದೂ ಹತ್ತಲಿಲ್ಲ. ‘ನ್ಯಾರೋ ಹಾಕು’, ‘ಡೆಕಲ್ ನೋಡು’, ‘ಟು ಪ್ಲೈ ಇಳಿಸು’, ‘ಜಿಎಸ್‌ಎಮ್ ಎಷ್ಟೈತೆ ನೋಡ್ಲಾ’. ಅಣ್ಣ ಊಟದ ಹೊತ್ತಿನಲ್ಲಿ ಒಂದು ತುಂಡು ರಟ್ಟನ್ನು ಕೈಗೆ ಕೊಟ್ಟು ಅಂಚು ನೋಡು ಅಂದರು. ಮೇಲೊಂದು ಕಾಗದ, ಕೆಳಗೊಂದು ಕಾಗದ, ನಡುವೆ ಶೀಟು ಮನೆಯ ಮಾಡಿನ ಹಾಗೆ ಅಲೆ ಅಲೆಯಾಗಿ ಇನ್ನೊಂದು ಕಾಗದ.

“ಮೇಲಿಂದು ಟಾಪ್, ಕೆಳಗಿಂದು ಲೈನರ್, ಮಧ್ಯದ್ದು ಫ್ಲೂಟ್. ಮೂರೂ ಸೇರಿದ್ರೆ ತ್ರೀ ಪ್ಲೈ. ಇನ್ನೊಂದು ಫ್ಲೂಟು, ಇನ್ನೊಂದು ಕಾಗದ ಸೇರಿಸು, ಫೈವ್ ಪ್ಲೈ. ಹಂಗೇ ಸೆವೆನ್ ಪ್ಲೈ. ಇಷ್ಟು ತಿಳ್ಕೊಂಡ್ರೆ ಅರ್ಧ ಫ್ಯಾಕ್ಟರಿ ತಿಳ್ಕಂಡಂಗೆ ಕಣಪ್ಪ.”

ಉಳಿದರ್ಧ ತಿಳಿಯಲು ವರ್ಷಗಳು ಬೇಕಾದವು. ಅಲೆ ದೊಡ್ಡದಾಗಿದ್ದರೆ ಬ್ರಾಡ್ ಫ್ಲೂಟ್, ಅದನ್ನೇ ಪುಸ್ತಕದಲ್ಲಿ ಎ ಫ್ಲೂಟ್ ಅನ್ನುತ್ತಾರೆ. ಎತ್ತರ ಐದು ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ನ್ಯಾರೋ ಎಂದರೆ ಬಿ ಫ್ಲೂಟ್, ಎರಡೂವರೆ ಮಿಲಿಮೀಟರಿನ ಆಸುಪಾಸು. ಇವೆರಡರ ನಡುವಿನದು ಸಿ. ಇನ್ನೂ ಸಣ್ಣದು ಇ, ಅದನ್ನು ಮೈಕ್ರೋ ಅನ್ನುತ್ತಾರೆ. ಮೊಬೈಲ್ ಫೋನಿನ ಡಬ್ಬ, ಪಿಜ್ಜಾ ಡಬ್ಬಗಳಿಗೆ ಅದೇ. ಜಿಎಸ್‌ಎಮ್ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ. ಡೆಕಲ್ ಎಂದರೆ ರೀಲಿನ ಅಗಲ. ಅಲೆಯಾಗುವ ಕಾಗದ ನೇರ ಕಾಗದಕ್ಕಿಂತ ಹೆಚ್ಚು ಉದ್ದ ತಿನ್ನುತ್ತದೆ. ಅದಕ್ಕೆ ಟೇಕ್‌ಅಪ್ ಅನ್ನುತ್ತಾರೆ. ಮೂರು ಕಾಗದವೂ 120 ಜಿಎಸ್‌ಎಮ್ ಇದ್ದು, ಟೇಕ್‌ಅಪ್ 1.35 ಹಿಡಿದರೆ, ನಡುವಿನದು 162 ಆಗುತ್ತದೆ; ಒಟ್ಟು ರಟ್ಟು 402 ಜಿಎಸ್‌ಎಮ್, ಅಂಟಿನ ತೂಕ ಬೇರೆ. ಈ ಲೆಕ್ಕದಲ್ಲಿ ಕೆಲವೇ ಗ್ರಾಂ ತಪ್ಪಿದರೂ ಲೋಡಿನ ಮೇಲೆ ನಷ್ಟ ಬರುತ್ತದೆ. ಇಷ್ಟು ಕಡಿಮೆ ಲಾಭದ ಕಸುಬು ಇದು. ನನ್ನ ಕೈಯ ಕಥೆಗೂ ಇದಕ್ಕೂ ಸಂಬಂಧವಿದೆ, ಆದ್ದರಿಂದ ಹೇಳಿದೆ.

ಶೆಡ್ಡಿನಲ್ಲಿ ಒಡಿಶಾದ ಹುಡುಗರಿದ್ದರು, ಬಿಹಾರದವರಿದ್ದರು, ರಾಯಚೂರು ಕಡೆಯವರಿದ್ದರು, ತಮಿಳಿನವರಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದಿದ್ದರೂ ಫ್ಲೂಟ್, ಲೈನರ್, ಡೆಕಲ್, ಕ್ರೀಸಿಂಗ್, ಸ್ಲಾಟಿಂಗ್, ಸ್ಟಿಚಿಂಗ್ ಎಲ್ಲರಿಗೂ ಬರುತ್ತಿತ್ತು. ಅಷ್ಟರಲ್ಲೇ ಎಂಟು ಗಂಟೆ ಕೆಲಸ ಸಾಗುತ್ತಿತ್ತು. ಆದರೆ ಅಪಾಯದ ಬಗ್ಗೆ ನಮಗೆ ಯಾರೂ ಯಾವ ಭಾಷೆಯಲ್ಲೂ ಹೇಳಿಕೊಟ್ಟಿರಲಿಲ್ಲ. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ‘ಸೇಫ್ಟಿ ಫಸ್ಟ್’ ಎಂಬ ಹಲಗೆ ಇತ್ತು. ಅದರ ಮೇಲೆ ಗಂಜಿ ಪುಡಿಯ ಧೂಳು ಕೂತಿರುತ್ತಿತ್ತು.

ನಾನು ಸಿಂಗಲ್ ಫೇಸ್ ಮಷಿನ್ ಮೇಲೆ ಕೆಲಸ ಮಾಡುತ್ತಿದ್ದೆ. ಕಾಗದಕ್ಕೆ ಅಲೆ ಕೊಡುವುದು ಅದೇ. ಹಲ್ಲು ಹಲ್ಲಾಗಿ ಕೊರೆದ ಎರಡು ಉಕ್ಕಿನ ರೋಲುಗಳು, ಒಂದರ ಮೇಲೊಂದು, ಒಂದರ ಹಲ್ಲಿಗೆ ಇನ್ನೊಂದರ ತಗ್ಗು ಕೂಡುವಂತೆ ತಿರುಗುತ್ತವೆ. ಒಳಗಿನಿಂದ ಕಾಸಿರುತ್ತಾರೆ, ಶಾಖ ನೂರೈವತ್ತು ಡಿಗ್ರಿಗೂ ಮೇಲಿರುತ್ತದೆ. ಕಾಗದ ಅವೆರಡರ ನಡುವೆ ಹೋಗಿ ಅಲೆಯಾಗಿ ಹೊರಬರುತ್ತದೆ. ನಮ್ಮದು ಹಳೆಯ ಫಿಂಗರ್ ಮಾದರಿಯ ಮಷಿನ್. ಅಲೆಯಾದ ಕಾಗದ ರೋಲಿನಿಂದ ಏಳದಂತೆ ಅರೆವೃತ್ತದ ಲೋಹದ ಪಟ್ಟಿಗಳು ಸಾಲಾಗಿ ಒತ್ತಿ ಹಿಡಿದಿರುತ್ತವೆ. ಪಕ್ಕದಲ್ಲಿ ಗಮ್ ರೋಲು. ಅದು ಕೆಳಗಿನ ಟ್ರೇಯಿಂದ ಅಂಟನ್ನು ಎತ್ತಿ ಅಲೆಯ ತುದಿಗೆ ಸವರುತ್ತದೆ. ಆಮೇಲೆ ಪ್ರೆಷರ್ ರೋಲು ಲೈನರನ್ನು ತಂದು ಅದರ ಮೇಲೆ ಒತ್ತುತ್ತದೆ. ಹೊರಗೆ ಬರುವುದು ಟು ಪ್ಲೈ. ಮುಂದೆ ಅದನ್ನು ಶೀಟಾಗಿ ಕತ್ತರಿಸಿ, ಪೇಸ್ಟಿಂಗ್‌ನಲ್ಲಿ ಮೂರನೇ ಕಾಗದ ಹಚ್ಚಿ, ಒಣಗಿಸಿ, ರೋಟರಿಯಲ್ಲಿ ಮಡಿಕೆಯ ಗೆರೆ ಹಾಕಿ, ಸ್ಲಾಟರ್‌ನಲ್ಲಿ ಸೀಳು ಕೊಟ್ಟು, ತಂತಿ ಪಿನ್ನು ಹೊಡೆದರೆ ಪೆಟ್ಟಿಗೆ.

ತೊಂದರೆ ಇರುವುದು ಅಂಟಿನಲ್ಲಿ. ಗಂಜಿಯ ಅಂಟು ಬಿಸಿ ರೋಲಿನ ಮೇಲೆ ಸಿಡಿದು ಅಲ್ಲೇ ಗಟ್ಟಿಯಾಗುತ್ತದೆ. ಹಲ್ಲಿನ ತಗ್ಗಿನಲ್ಲಿ ಒಂದು ಗಡ್ಡೆ ಕೂತರೆ ಸಾಕು, ಆ ಜಾಗದಲ್ಲಿ ಅಲೆ ಪೂರ್ತಿ ಏಳುವುದಿಲ್ಲ. ಒಂದು ಅಲೆ ಎತ್ತರ, ಒಂದು ತಗ್ಗು. ಅದಕ್ಕೆ ಹೈ-ಲೋ ಅನ್ನುತ್ತಾರೆ. ತಗ್ಗಾದ ಅಲೆಯ ತುದಿಗೆ ಲೈನರ್ ತಾಗುವುದಿಲ್ಲ, ಅಂಟು ಹಿಡಿಯುವುದಿಲ್ಲ, ರಟ್ಟು ಪದರ ಬಿಡುತ್ತದೆ. ಗಿರಾಕಿ ಕಂಪನಿಯವರು ಒಂದು ಶೀಟು ಹರಿದು ನೋಡಿ ಇಡೀ ಲೋಡನ್ನು ರಿಜೆಕ್ಟ್ ಮಾಡುತ್ತಾರೆ. ಆದ್ದರಿಂದ ಗಡ್ಡೆಯನ್ನು ಆಗಾಗ ತೆಗೆಯಲೇಬೇಕು.

ಹಾಗೆ ತೆಗೆಯಬೇಕಾದರೆ ಮಷಿನ್ ನಿಲ್ಲಿಸಬೇಕು. ನಿಲ್ಲಿಸಿದರೆ ಬಿಸಿ ರೋಲಿಗೆ ತಾಗಿದ ಕಾಗದ ಸುಡುತ್ತದೆ, ಗಮ್ ಟ್ರೇಯಲ್ಲಿ ಕೆನೆ ಕಟ್ಟುತ್ತದೆ, ಮತ್ತೆ ಶುರು ಮಾಡಿದಾಗ ಮೊದಲ ಹಲವು ಮೀಟರ್ ವೇಸ್ಟಿಗೆ ಹೋಗುತ್ತದೆ. ಮೇಸ್ತ್ರಿಗೆ ಪಾಳಿಯ ಕೊನೆಗೆ ಎಷ್ಟು ಮೀಟರ್ ಓಡಿತು, ಎಷ್ಟು ವೇಸ್ಟು ಎಂದು ಬರೆದುಕೊಡಬೇಕು. ಆದ್ದರಿಂದ ನಮ್ಮಲ್ಲಿದ್ದ ರೂಢಿ ಹೀಗೆ: ವೇಗ ತಗ್ಗಿಸು, ನಿಲ್ಲಿಸಬೇಡ, ಬನಿಯನ್ ವೇಸ್ಟಿನ ಉಂಡೆ ಒದ್ದೆ ಮಾಡಿ ಓಡುವ ರೋಲಿನ ಮೇಲೆ ಒತ್ತಿ ಒರೆಸು. ಹೊಸದಾಗಿ ಬಂದವನಿಗೆ ಕಲಿಸುತ್ತಿದ್ದುದೂ ಹೀಗೆಯೇ. ನನಗೂ ಹಾಗೆಯೇ ಕಲಿಸಿದ್ದರು. ರೋಲುಗಳ ಮುಂದೆ ಇರಬೇಕಾದ ಗಾರ್ಡನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅದಿದ್ದರೆ ಒರೆಸಲು ಕೈ ಹೋಗುವುದಿಲ್ಲವಲ್ಲ!

ಆ ರಾತ್ರಿ ಜೋರು ಮಳೆ. ಮಳೆಗಾಲದಲ್ಲಿ ಕಾಗದ ತೇವ ಕುಡಿಯುತ್ತದೆ, ಅಂಟು ಒಣಗುವುದು ತಡವಾಗುತ್ತದೆ, ಗಡ್ಡೆಯೂ ಹೆಚ್ಚು. ಬೆಳಗ್ಗೆ ಒಂದು ಲೋಡು ಹೋಗಲೇಬೇಕಿತ್ತು. ನಡುರಾತ್ರಿ ದಾಟಿದ ಮೇಲೆ ಮೇಸ್ತ್ರಿ ಬಂದು ಶೀಟು ಎತ್ತಿ ಬೆಳಕಿಗೆ ಹಿಡಿದು, “ಲೈನ್ ಬರ್ತಾ ಐತೆ ನೋಡೋ, ಒರೆಸು” ಅಂದರು. ನಾನು ವೇಸ್ಟಿನ ಉಂಡೆ ತೆಗೆದುಕೊಂಡೆ. ಒತ್ತಿದೆ. ಉಂಡೆಯ ಒಂದು ಎಳೆ ಹಲ್ಲಿಗೆ ಸಿಕ್ಕಿತು. ರೋಲುಗಳು ಎರಡೂ ಒಳಮುಖವಾಗಿ ತಿರುಗುವ ಕಡೆ ಅದು. ಎಳೆಯ ಹಿಂದೆ ಬಟ್ಟೆ, ಬಟ್ಟೆಯ ಹಿಂದೆ ಬೆರಳು. ಕೈ ಹಿಂದಕ್ಕೆ ಎಳೆಯಬೇಕು ಎಂದು ತಲೆಗೆ ಹೊಳೆಯುವಷ್ಟರಲ್ಲಿ ಬೆರಳು ಒಳಗಿತ್ತು.

ನೋವು ಮೊದಲು ಬರಲಿಲ್ಲ. ಬಂದದ್ದು ವಾಸನೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ನನ್ನ ಬಾಯಿಂದ ಕೂಗು ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ರೀಲ್ ಸ್ಟ್ಯಾಂಡ್ ಹತ್ತಿರ ಇದ್ದ ಒಡಿಶಾದ ಹುಡುಗ, ಇನ್ನೂ ಮೀಸೆ ಚಿಗುರದವನು, “ಬಂದ್ ಕರೋ, ಬಂದ್ ಕರೋ” ಎನ್ನುತ್ತ ಓಡಿ ಬಂದು ಕೆಂಪು ಬಟನ್ ಒತ್ತಿದ. ಮೋಟರು ಆಫ್ ಆದರೂ ಅಷ್ಟು ತೂಕದ ರೋಲು ತಟ್ಟನೆ ನಿಲ್ಲುವುದಿಲ್ಲ. ಇನ್ನಷ್ಟು ತಿರುಗಿ ನಿಂತಿತು. ನಿಂತ ಮೇಲೂ ಕೈ ಬಿಸಿ ಉಕ್ಕಿನ ನಡುವೆಯೇ ಇತ್ತು. ಅಣ್ಣ ಓಡಿ ಬಂದರು. ಬೆಲ್ಟಿನ ಪುಲ್ಲಿಯನ್ನು ಇಬ್ಬರು ಸೇರಿ ಕೈಯಿಂದ ಹಿಂದಕ್ಕೆ ತಿರುಗಿಸಿದರು. ಅವರ ಮುಖದಲ್ಲಿ ಇಳಿಯುತ್ತಿದ್ದ ಬೆವರು ನನ್ನ ತೋಳಿನ ಮೇಲೆ ಬೀಳುತ್ತಿದ್ದುದು ನನಗೆ ಈಗಲೂ ನೆನಪಿದೆ. ಕೈ ಬಿಡಿಸಿಕೊಂಡಾಗ ಅಂಗೈಯ ಮೇಲೆ ಫ್ಲೂಟಿನ ಗೆರೆಗಳು ಮೂಡಿದ್ದವು, ಒಂದರ ಪಕ್ಕ ಒಂದು, ಸಮ ಅಂತರದಲ್ಲಿ.

ಮಾಲು ಸಾಗಿಸುವ ಟೆಂಪೋದಲ್ಲಿ, ಬಂಡಲುಗಳ ನಡುವೆ ಕೂರಿಸಿ ಆಸ್ಪತ್ರೆಗೆ ಒಯ್ದರು. ಅಣ್ಣ ದಾರಿಯುದ್ದಕ್ಕೂ ನನ್ನ ಮೊಣಕೈಯನ್ನು ಮೇಲೆತ್ತಿ ಹಿಡಿದಿದ್ದರು. “ಕಣ್ ಮುಚ್ಬ್ಯಾಡ ಕಣಪ್ಪ, ನನ್ ಕಡೆ ನೋಡು” ಎಂದು ಒಂದೇ ಮಾತನ್ನು ಹೇಳುತ್ತಿದ್ದರು. ಜಜ್ಜಿದ ಗಾಯ, ಸುಟ್ಟ ಗಾಯ ಎರಡೂ ಒಂದೇ ಕಡೆ ಆಗಿದೆ, ಅದೇ ಕಷ್ಟ ಎಂದು ಡಾಕ್ಟರ್ ಹೇಳಿದರು. ಬರೀ ಕತ್ತರಿಸಿ ಹೋಗಿದ್ದರೆ ಜೋಡಿಸುವ ಆಲೋಚನೆ ಮಾಡಬಹುದಿತ್ತು. ಇದರಲ್ಲಿ ರಕ್ತನಾಳವೇ ಬೆಂದುಹೋಗಿದೆ ಅಂದರು. ಎರಡು ಬೆರಳು ತೆಗೆದರು. ಆಮೇಲೆ ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದರು. ಡ್ರೆಸಿಂಗ್ ಬಿಚ್ಚುವ ದಿನಗಳು ಕೈ ಸಿಕ್ಕಿದ ರಾತ್ರಿಗಿಂತ ಕಷ್ಟದವು. ಆ ರಾತ್ರಿ ಬೇಗ ಮುಗಿದಿತ್ತು. ಡ್ರೆಸಿಂಗ್ ಮಾತ್ರ ಬರುತ್ತದೆ ಎಂದು ಮೊದಲೇ ಗೊತ್ತಿರುತ್ತಿತ್ತು. ಟ್ರಾಲಿಯ ಚಕ್ರದ ಸದ್ದು ವಾರ್ಡಿನ ಆ ತುದಿಯಲ್ಲಿ ಕೇಳಿದಾಗಲೇ ನನ್ನ ಹೊಟ್ಟೆ ತೊಳಸುತ್ತಿತ್ತು. ಒಬ್ಬ ನರ್ಸಮ್ಮ ಗಾಯದ ಬಟ್ಟೆಗೆ ಸಲೈನ್ ಹಾಕಿ, ನೆನೆಯುವವರೆಗೂ ಕಾದು, ಆಮೇಲಷ್ಟೇ ಬಿಡಿಸುತ್ತಿದ್ದರು. ಅವರ ಪಾಳಿ ಇದ್ದ ದಿನ ನಾನು ಧೈರ್ಯವಾಗಿರುತ್ತಿದ್ದೆ.

ಇಲ್ಲದ ಬೆರಳು ನೋಯುತ್ತದೆ ಎಂದರೆ ಜನ ನಂಬುವುದಿಲ್ಲ. ತೋರುಬೆರಳಿನ ತುದಿ ಉರಿಯುತ್ತಿತ್ತು. ನೋಡಿದರೆ ಅಲ್ಲಿ ಬೆರಳೇ ಇಲ್ಲ. ಹುಚ್ಚು ಹಿಡಿಯುತ್ತಿದೆಯೇನೋ ಎಂದು ಹೆದರಿ ಯಾರಿಗೂ ಹೇಳಲಿಲ್ಲ. ಕೊನೆಗೆ ಡಾಕ್ಟರೇ ಕೇಳಿದರು. ಬೆರಳು ಹೋದರೂ ಅದರ ನರದ ಬುಡ ಉಳಿದಿರುತ್ತದೆ, ಮೆದುಳಿಗೆ ಅದು ಇನ್ನೂ ಸುದ್ದಿ ಕಳಿಸುತ್ತಿರುತ್ತದೆ, ತುಂಬ ಜನಕ್ಕೆ ಹೀಗಾಗುತ್ತದೆ ಎಂದು ತಿಳಿಸಿ ಹೇಳಿದರು. ಆ ಒಂದು ಮಾತಿನಿಂದ ನೋವು ಕಡಿಮೆಯಾಗಲಿಲ್ಲ, ಆದರೆ ಹೆದರಿಕೆ ಹೋಯಿತು.

ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಇನ್ನೊಂದು ಕಷ್ಟ ಶುರುವಾಯಿತು. ಆಗ ನಮ್ಮ ಸಂಬಳದಲ್ಲಿ ಇಎಸ್‌ಐ ಎಂಬ ಕಾರ್ಮಿಕ ವಿಮೆಗೆಂದು ಶೇ 1.75 ಹಿಡಿಯುತ್ತಿದ್ದರು, ಮಾಲೀಕರು ಶೇ 4.75 ಕಟ್ಟಬೇಕಿತ್ತು. ಆದರೆ ಕೆಲಸದಲ್ಲಿ ಗಾಯವಾದರೆ ಮಾಲೀಕರು ಅಪಘಾತ ವರದಿ ಕಳಿಸಬೇಕು, ಅದು ಹೋಗಿರಲಿಲ್ಲ. ಕೇಳಲು ಹೋದ ನನ್ನ ಹೆಂಡತಿಗೆ ಇಂದು ನಾಳೆ ಎಂದರು. ಆಮೇಲೆ ಒಂದು ಕಾಗದ ತಂದು ಎಡಗೈ ಹೆಬ್ಬೆಟ್ಟು ಒತ್ತಲು ಹೇಳಿದರು. ‘ಸೂಚನೆ ಮೀರಿ ಓಡುವ ಮಷಿನ್‌ಗೆ ಕೈ ಹಾಕಿದ್ದರಿಂದ’ ಎಂದು ಅದರಲ್ಲಿ ಬರೆದಿತ್ತು. ನಾನು ಒತ್ತಲಿಲ್ಲ. ಆ ರಾತ್ರಿ ನನಗೆ ಸಿಕ್ಕ ಸೂಚನೆ ‘ಒರೆಸು’ ಎಂಬುದೊಂದೇ.

ಪಕ್ಕದ ಹಾಸಿಗೆಯವರ ನೆಂಟರಲ್ಲಿ ಕಾರ್ಮಿಕ ಸಂಘದ ಹಿರಿಯರೊಬ್ಬರಿದ್ದರು. ಅವರು ಕೂತು ನನಗೆ ಕಾನೂನು ಹೇಳಿದರು. ಆಗ ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆಯ ಪ್ರಕಾರ, ಮಾಲೀಕರ ಕೆಲಸಕ್ಕಾಗಿ, ಅವರ ವ್ಯವಹಾರಕ್ಕೆ ಸಂಬಂಧಪಟ್ಟಂತೆ ಮಾಡುವಾಗ ಗಾಯವಾದರೆ, ನಿಯಮ ಮೀರಿದ್ದರೂ ಅದು ಕೆಲಸದ ಗಾಯವೇ. ಕೆಲಸಕ್ಕೆ ಸೇರಿದ ಮೊದಲ ದಿನ ಗಾಯವಾದರೂ ಪರಿಹಾರ ಸಿಗಬೇಕು. ಇಷ್ಟು ತಿಂಗಳು ಕಟ್ಟಿರಬೇಕು ಎಂಬ ಷರತ್ತಿಲ್ಲ. ಗುತ್ತಿಗೆಯವನ ಕೈಕೆಳಗಿದ್ದರೂ ಮುಖ್ಯ ಮಾಲೀಕನೇ ಹೊಣೆ. ಅದೇ ವರ್ಷದ ಕಾರ್ಖಾನೆ ಕಾಯ್ದೆಯ 21ನೇ ಕಲಮು, ಮಷಿನ್‌ನ ಅಪಾಯದ ಭಾಗಗಳಿಗೆ ಗಟ್ಟಿ ಬೇಲಿ ಇರಬೇಕು, ಅದು ಓಡುವಷ್ಟು ಹೊತ್ತೂ ಸ್ಥಾನದಲ್ಲೇ ಇರಬೇಕು ಎನ್ನುತ್ತಿತ್ತು. “ಗಾರ್ಡು ಎಲ್ಲಿತ್ತಪ್ಪ?” ಎಂದು ಕೇಳಿದರು. “ಗೋಡೆಗೆ ಒರಗಿಸಿದ್ರು” ಎಂದೆ. “ಅದನ್ನೇ ಹೇಳು. ಕೇಳ್ದೋರಿಗೆಲ್ಲ ಅದನ್ನೇ ಹೇಳು” ಎಂದರು.

ವರದಿ ಕೊನೆಗೂ ಹೋಯಿತು. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ಶೇ 90 ಬಂತು. ಆಮೇಲೆ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕಾಯಿತು. ಅಲ್ಲಿ ಒಂದು ಪಟ್ಟಿಯಿದೆ. ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯ ಶೇ 20 ನಷ್ಟ. ಮೂರು ಹೋದರೆ 30, ನಾಲ್ಕೂ ಹೋದರೆ 50. ಹೆಬ್ಬೆರಳು ಒಂದೇ ಹೋದರೂ 30. ಮಡಚಲಾಗದ ಬೆರಳನ್ನು ಬೋರ್ಡಿನವರು ನೋಡಿ ಬೇರೆ ಲೆಕ್ಕ ಹಾಕುತ್ತಾರೆ. ದಿನಕ್ಕೆ 500 ರೂಪಾಯಿ ಕೂಲಿ ಇದ್ದವನಿಗೆ ಪೂರ್ತಿ ದರ 450. ಅದರ ಶೇ 20 ಎಂದರೆ ದಿನಕ್ಕೆ 90 ರೂಪಾಯಿ. ಇದು ಬದುಕಿರುವವರೆಗೂ ಬರುತ್ತದೆ. ದೊಡ್ಡ ಹಣವಲ್ಲ. ಆದರೆ ಆ ವರದಿ ಹೋಗದಿದ್ದರೆ ಅದೂ ಇಲ್ಲ. ನಮ್ಮ ಕಡೆಯ ಎಷ್ಟೋ ಹುಡುಗರು ಆಸ್ಪತ್ರೆಯ ಬಿಲ್ಲು ಕಟ್ಟಿದರಲ್ಲ ಎಂದು ಋಣ ತೀರಿಸುವವರ ಹಾಗೆ ಹೆಬ್ಬೆಟ್ಟು ಒತ್ತಿ ಊರಿಗೆ ಹೋಗಿಬಿಟ್ಟಿದ್ದಾರೆ. ಅವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಊರಿಗೆ ಹೋದ ಮೇಲೆ ತಿಳಿಯಿತು, ಬಲಗೈ ಎಂದರೆ ಏನು ಎಂದು. ಅಂಗಿಯ ಗುಂಡಿ, ಪೈಜಾಮದ ಲಾಡಿ, ಬೀಗದ ಕೈ, ಸಹಿ, ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಮುದ್ದೆ. ಮುದ್ದೆ ಮುರಿಯುವುದು ತೋರುಬೆರಳು, ನಡುಬೆರಳು, ಹೆಬ್ಬೆರಳು ಸೇರಿ. ಉಳಿದ ಬೆರಳುಗಳಿಂದ ಮುರಿಯಲು ಹೋದರೆ ಸಾರಿನೊಳಗೆ ಜಾರುತ್ತಿತ್ತು, ಬಿಸಿಗೆ ಹೊಸ ಚರ್ಮ ಉರಿಯುತ್ತಿತ್ತು. ಅವ್ವ ತುತ್ತು ಮಾಡಿ ಕೊಡಲು ಬಂದರೆ ನಾನು ಸಿಡುಕುತ್ತಿದ್ದೆ. ನೆಂಟರ ಮದುವೆಯೊಂದರ ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣಲಾರದೆ ಎಲೆಯ ಮುಂದೆ ಸುಮ್ಮನೆ ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನೋಡಿದರು. ನೋಡಿ, ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ತಾವೂ ಎಡಗೈಯಲ್ಲೇ ಉಣ್ಣತೊಡಗಿದರು. “ಉಣ್ಣಪ್ಪ, ಆರೋಯ್ತದೆ” ಎಂದರು, ಅಷ್ಟೇ. ಆ ದಿನದಿಂದ ನಾನು ಎಲ್ಲರ ಮುಂದೆಯೂ ಎಡಗೈಯಲ್ಲಿ ಊಟ ಮಾಡುತ್ತೇನೆ.

ಆ ಶೆಡ್ಡಿಗೆ ಮತ್ತೆ ಹೋಗಲಿಲ್ಲ. ಅಣ್ಣ ಅಷ್ಟರಲ್ಲಿ ಬೇರೊಂದು ಫ್ಯಾಕ್ಟರಿಗೆ ಸೇರಿದ್ದರು. ಅವರೇ ಮಾತಾಡಿ ನನ್ನನ್ನು ಅಲ್ಲಿನ ಟೆಸ್ಟಿಂಗ್ ಟೇಬಲ್ಲಿಗೆ ಹಾಕಿಸಿದರು. ಗೇಟಿನೊಳಗೆ ಕಾಲಿಟ್ಟಾಗ ಬಿಸಿ ಗಂಜಿಯ ವಾಸನೆ ಬಂದು ನನ್ನ ಕಾಲು ನಡುಗಿತು. ಮಷಿನ್ ಇದ್ದ ಕಡೆ ಹೋಗಲು ತಿಂಗಳುಗಳೇ ಬೇಕಾದವು. ಆದರೆ ಟೆಸ್ಟಿಂಗ್ ಟೇಬಲ್ಲು ನನ್ನನ್ನು ಉಳಿಸಿತು. ಅಲ್ಲಿ ಎಡಗೈಯಲ್ಲಿ ಮಾಡಬಹುದಾದ ಕೆಲಸವಿತ್ತು, ಕಲಿಯಲು ಬೇಕಾದಷ್ಟಿತ್ತು.

ಬಿಎಫ್ ಎಂದು ಹೆಲ್ಪರ್ ಆಗಿದ್ದಾಗಿನಿಂದ ಕೇಳಿದ್ದೆ. ಅದರ ಲೆಕ್ಕ ತಿಳಿದದ್ದು ಈ ಟೇಬಲ್ಲಿನಲ್ಲಿ. ಬರ್ಸ್ಟಿಂಗ್ ಟೆಸ್ಟರಿನ ಎರಡು ಬಳೆಗಳ ನಡುವೆ ಕಾಗದವನ್ನು ಬಿಗಿಯಬೇಕು. ಕೆಳಗೆ ರಬ್ಬರಿನ ಪೊರೆ, ಅದರ ಕೆಳಗೆ ಗ್ಲಿಸರಿನ್. ಗ್ಲಿಸರಿನ್ ಒತ್ತಿದಂತೆ ಪೊರೆ ಉಬ್ಬಿ ಕಾಗದವನ್ನು ಮೇಲಕ್ಕೆ ದೂಡುತ್ತದೆ. ಟಪ್ ಎಂದು ಕಾಗದ ಒಡೆದಾಗ ಮುಳ್ಳು ಎಲ್ಲಿ ನಿಂತಿತೋ ಅದು ಒಡೆಯುವ ಬಲ, ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂದು. ಅದನ್ನು ಸಾವಿರದಿಂದ ಗುಣಿಸಿ ಜಿಎಸ್‌ಎಮ್‌ನಿಂದ ಭಾಗಿಸಿದರೆ ಬಿಎಫ್. 150 ಜಿಎಸ್‌ಎಮ್ ಕಾಗದ 3 ಕಿಲೋಗೆ ಒಡೆದರೆ 20 ಬಿಎಫ್. ಕಾಬ್ ಎಂಬ ಪರೀಕ್ಷೆಯಲ್ಲಿ ಉಂಗುರದೊಳಗೆ ನೀರು ಹೊಯ್ದು, ಹೊತ್ತು ನೋಡಿ ಚೆಲ್ಲಿ, ಒತ್ತಿ ಒರೆಸಿ ತೂಗುತ್ತೇವೆ. ಕಾಗದ ಎಷ್ಟು ನೀರು ಕುಡಿಯಿತೆಂದು ತಿಳಿಯುತ್ತದೆ. ಇಸಿಟಿ ಎಂದರೆ ರಟ್ಟನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತುವುದು. ಬಿಸಿಟಿ ಎಂದರೆ ಇಡೀ ಪೆಟ್ಟಿಗೆಯನ್ನು ಒತ್ತುವುದು. ಇಸಿಟಿ, ರಟ್ಟಿನ ದಪ್ಪ, ಪೆಟ್ಟಿಗೆಯ ಸುತ್ತಳತೆ ಈ ಮೂರರಿಂದ ಪೆಟ್ಟಿಗೆಯ ಬಲವನ್ನು ಅಂದಾಜು ಮಾಡುವ ಸೂತ್ರವನ್ನು ಅಮೆರಿಕದ ಮೆಕ್ಕಿ ಮತ್ತು ಜೊತೆಗಾರರು 1963ರಲ್ಲಿ ಕೊಟ್ಟರು. ಇಂದಿಗೂ ಅದನ್ನೇ ಬಳಸುತ್ತಾರೆ. ಪೆಟ್ಟಿಗೆಯ ಭಾರದ ದೊಡ್ಡ ಪಾಲನ್ನು ನಾಲ್ಕು ಮೂಲೆಗಳು ಹೊರುತ್ತವೆ ಎಂದು ಕಲಿತೆ. ಅಡ್ಡಾದಿಡ್ಡಿ ಪೇರಿಸಿದರೆ ಮೂಲೆಯ ಮೇಲೆ ಮೂಲೆ ಬರುವುದಿಲ್ಲ, ಗಟ್ಟಿ ಪೆಟ್ಟಿಗೆಯೂ ಕುಸಿಯುತ್ತದೆ.

ಅಲೆಗಾಗದದ ಹಳೆಯ ಸಂಗತಿಗಳನ್ನೂ ಹುಡುಕಿ ಓದಿದೆ. 1856ರಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿದ್ದು ಎತ್ತರದ ಟೋಪಿಗಳ ಒಳಪಟ್ಟಿಗಾಗಿ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಬಾಟಲಿ, ಲಾಂದ್ರದ ಗಾಜು ಒಡೆಯದಂತೆ ಸುತ್ತಲು ಅದನ್ನು ಬಳಸಿದ. ಒಡೆಯುವ ವಸ್ತುವನ್ನು ಕಾಯುವುದಕ್ಕಾಗಿಯೇ ಬೆಳೆದ ಕಸುಬು ಇದು. ಆ ಕಸುಬಿನಲ್ಲಿ ದುಡಿಯುವುದು ನನಗೆ ಹೆಮ್ಮೆಯೇ. ಅದನ್ನು ಬಿಟ್ಟುಹೋಗಲು ನನಗೆ ಮನಸ್ಸಿರಲಿಲ್ಲ, ಈಗಲೂ ಇಲ್ಲ.

ಎಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಹಳೆಯ ಕೈಪಿಡಿ. ಸುರಕ್ಷತೆಯ ಅಧ್ಯಾಯದಲ್ಲಿ ಎರಡು ರೋಲುಗಳ ಚಿತ್ರವಿತ್ತು, ಅವು ಸೇರುವ ಜಾಗಕ್ಕೆ ಬಾಣದ ಗುರುತು. ಅದನ್ನು ನಿಪ್ ಅನ್ನುತ್ತಾರೆ. ಒಳಮುಖವಾಗಿ ತಿರುಗುವ ಕಡೆ ಕೈ, ಬಟ್ಟೆ, ಕೂದಲು ಯಾವುದೂ ಹೋಗಬಾರದು. ಅಲ್ಲಿ ಗಾರ್ಡ್ ಇರಬೇಕು. ಒರೆಸುವುದಿದ್ದರೆ ಮಷಿನ್ ನಿಲ್ಲಿಸಿ, ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ಒರೆಸುವವನೇ ಇಟ್ಟುಕೊಳ್ಳಬೇಕು. ರೋಲು ತಿರುಗಿಸಬೇಕಾದರೆ ಇಂಚಿಂಗ್ ಬಟನ್ ಒತ್ತಿದಷ್ಟೇ ಹೊತ್ತು ಚಲಿಸಬೇಕು, ಬೆರಳು ತೆಗೆದರೆ ನಿಲ್ಲಬೇಕು. ನನಗೆ ಆದದ್ದೆಲ್ಲವೂ ಅಲ್ಲಿ ಮೊದಲೇ ಬರೆದಿತ್ತು. ಗೊತ್ತಿದ್ದವರು ಗೊತ್ತಿದ್ದೂ ಗಾರ್ಡು ಬಿಚ್ಚಿಟ್ಟರು ಎಂಬುದು ಆ ಪುಟ ಓದಿದ ದಿನ ನನಗೆ ಖಚಿತವಾಯಿತು. ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬೇಕೆಂದೂ ನನಗೆ ಅನಿಸಿಲ್ಲ.

2020ರ ಕೊನೆಯಿಂದ 2021ರ ಉದ್ದಕ್ಕೂ ರಟ್ಟಿಗೆ ಬೇಕಾದ ಕ್ರಾಫ್ಟ್ ಕಾಗದದ ಬೆಲೆ ಏರುತ್ತ ಹೋದಾಗ ನಾನು ಈ ಟೇಬಲ್ಲಿನಲ್ಲೇ ಇದ್ದೆ. ಲಾಕ್‌ಡೌನಿನಲ್ಲಿ ರದ್ದಿ ಸಂಗ್ರಹ ಬಿದ್ದುಹೋಗಿತ್ತು. ಚೀನಾ 2021ರ ಜನವರಿಯಿಂದ ಹೊರಗಿನ ತ್ಯಾಜ್ಯವನ್ನು ಪೂರ್ತಿ ನಿಲ್ಲಿಸಿತು. ಹಳೆ ಕಾಗದದ ಬದಲು ಅಲ್ಲಿಗೆ ಪಲ್ಪ್ ರೋಲುಗಳು ಬೇಕಾದವು, ನಮ್ಮ ದೇಶದ ಗಿರಣಿಗಳು ಅತ್ತ ಕಳಿಸತೊಡಗಿದವು. ಬಾಕ್ಸಿನ ದರವನ್ನು ಗಿರಾಕಿ ಕಂಪನಿಗಳು ಅಷ್ಟು ಬೇಗ ಏರಿಸಲಿಲ್ಲ. ಸಣ್ಣ ಶೆಡ್ಡುಗಳು ಉಸಿರು ಬಿಗಿಹಿಡಿದವು. ವೇಸ್ಟಾದ ಒಂದು ಮೀಟರ್ ಕಾಗದಕ್ಕೂ ಮಾಲೀಕರ ಮುಖ ಕೆಂಪಾಗುತ್ತಿದ್ದ ಕಾಲ. ಆಗ ನಮ್ಮಲ್ಲೂ ‘ನಿಲ್ಲಿಸದೆ ಒರೆಸಿ’ ಎಂಬ ಮಾತು ಬಂತು.

ನಾನು ಮಾಲೀಕರ ಕ್ಯಾಬಿನ್ನಿಗೆ ಹೋದೆ. ಹೆಚ್ಚು ಮಾತಾಡಲು ಬರುವವನಲ್ಲ ನಾನು. ಬಲಗೈಯನ್ನು ಅವರ ಮೇಜಿನ ಮೇಲಿಟ್ಟೆ. “ಸಾರ್, ಒಂದು ಸಲ ನಿಲ್ಲಿಸಿ ಒರೆಸಿದ್ರೆ ಎಷ್ಟು ಮೀಟರ್ ಹೋಗುತ್ತೆ ಅಂತ ನಾನೇ ಅಳೆದು ಬರ್ಕೊಡ್ತೀನಿ. ಆ ಕಾಗದದ ದುಡ್ಡು ಎಷ್ಟು ಅಂತ ನೀವೇ ಲೆಕ್ಕ ಹಾಕಿ” ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೇಸ್ತ್ರಿಯನ್ನು ಕರೆಸಿ, ನಿಲ್ಲಿಸಿಯೇ ಒರೆಸಬೇಕು, ಆ ವೇಸ್ಟನ್ನು ಪಾಳಿಯ ಲೆಕ್ಕಕ್ಕೆ ಹಿಡಿಯಬಾರದು ಎಂದರು. ಆ ಎರಡನೇ ಮಾತು ಮೊದಲನೆಯದಕ್ಕಿಂತ ದೊಡ್ಡದು. ನಿಲ್ಲಿಸಿದ್ದಕ್ಕೆ ಬೈಸಿಕೊಳ್ಳಬೇಕಾದ ಕಡೆ ಯಾವ ಆಪರೇಟರೂ ನಿಲ್ಲಿಸುವುದಿಲ್ಲ.

ಈಗ ಹೊಸ ಹುಡುಗರು ಬಂದರೆ ಮೊದಲ ದಿನ ನನ್ನ ಹತ್ತಿರ ಕಳಿಸುತ್ತಾರೆ. ಫ್ಲೂಟ್, ಲೈನರ್, ಜಿಎಸ್‌ಎಮ್ ಎಲ್ಲ ಹೇಳಿಕೊಡುತ್ತೇನೆ. ಅದಕ್ಕೂ ಮೊದಲು ನಿಂತ ಮಷಿನ್ ಹತ್ತಿರ ಕರೆದೊಯ್ದು ನಿಪ್ ತೋರಿಸುತ್ತೇನೆ. ಕೆಂಪು ಬಟನ್ನನ್ನು ಅವನ ಕೈಯಿಂದಲೇ ಒತ್ತಿಸುತ್ತೇನೆ, ಓಡುತ್ತಿರುವಾಗ ಒಮ್ಮೆ ಒತ್ತಿಸಿ, ರೋಲು ನಿಲ್ಲಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅವನೇ ನೋಡುವಂತೆ ಮಾಡುತ್ತೇನೆ. ಇಎಸ್‌ಐ ನಂಬರನ್ನು ಮೊಬೈಲಿನಲ್ಲೂ ಇಟ್ಟುಕೋ, ಊರಲ್ಲಿ ಮನೆಯವರಿಗೂ ಕೊಟ್ಟಿರು, ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡ ಎನ್ನುತ್ತೇನೆ.

ಬಾಕ್ಸ್ ಫ್ಯಾಕ್ಟರಿ ನಡೆಸುವವರಲ್ಲಿ ನಾನು ಕೇಳುವುದು ಇಷ್ಟು. ಗೋಡೆಗೆ ಒರಗಿಸಿದ ಗಾರ್ಡನ್ನು ಇವತ್ತೇ ಮಷಿನ್‌ಗೆ ಹಾಕಿಸಿ. ಒರೆಸಲು ನಿಲ್ಲಿಸಿದ ಹೊತ್ತನ್ನು ಉತ್ಪಾದನೆಯ ಲೆಕ್ಕದಲ್ಲೇ ಮೊದಲಿನಿಂದ ಸೇರಿಸಿ. ಗಾಯವಾದರೆ ವರದಿಯನ್ನು ಅದೇ ದಿನ, ಆದದ್ದನ್ನು ಆದಂತೆ ಬರೆದು ಕಳಿಸಿ. ನಿನ್ನೆ ಸೇರಿದ ಹೆಲ್ಪರ್ ಆದರೂ ಅಪಾಯ ಕಂಡರೆ ಮಷಿನ್ ನಿಲ್ಲಿಸಬಹುದು, ಯಾರೂ ಅವನನ್ನು ಏಕೆಂದು ಗದರುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿ. ನನ್ನ ಉಳಿದ ಕೈ ಉಳಿದದ್ದು ಹಾಗೆ ಕೇಳದೆ ಬಟನ್ ಒತ್ತಿದ ಒಬ್ಬ ಹುಡುಗನಿಂದ.